ರಕ್ತ ಹೀರುವ ಡಾಕ್ಟರೂ ನನ್ನ ಮೂರು ಅಂಶಗಳೂ

ವಾದದಲ್ಲಿ ಸೋತವರ ದುಃಖ ಕೇಳಲು ಎಲ್ಲರೂ ಇದ್ದಾರೆ, ಗೆದ್ದವರ ಕಷ್ಟ ಕೇಳುವವರು ಯಾರೂ ಇಲ್ಲ. ಗೆದ್ದವಳು ಮನೆಗೊಂದು ಕಪ್ ತರುತ್ತಾಳೆ, ಅದರ ಧೂಳು ಒರೆಸುವ ಕೆಲಸ ಅಮ್ಮನಿಗೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು ಎಂದು ಜನ ತಿಳಿಯುತ್ತಾರೆ. ಮುಗಿಯುವುದಿಲ್ಲ. ವೇದಿಕೆಯ ಮೇಲೆ ಆಡಿದ ಮಾತನ್ನು ಯಾರಾದರೂ ಒಂದು ದಿನ ನೆನಪಿಟ್ಟುಕೊಂಡು ಬಂದು ಬಾಗಿಲು ಬಡಿದಾರು ಎಂಬ ಭಯದಲ್ಲೇ ಅವಳು ಬದುಕಬೇಕು. ನಾನು ಕಾಲೇಜಿನಲ್ಲಿದ್ದಾಗ ರಕ್ತದಾನದ ಬಗ್ಗೆ ಮೂರು ಸಲ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವಳು. ಎರಡು ಸಲ ಪರವಾಗಿ, ಒಂದು ಸಲ ವಿರೋಧವಾಗಿ. ವಿರೋಧವಾಗಿ ಮಾತಾಡಿದ ದಿನ ಚಪ್ಪಾಳೆ ಹೆಚ್ಚು ಬಿತ್ತು. ರಕ್ತವನ್ನು ಮಾತ್ರ ಒಂದು ಸಲವೂ ಕೊಟ್ಟಿರಲಿಲ್ಲ. ಅದಕ್ಕೆ ಕಾರಣ ಯಾವ ಸಿದ್ಧಾಂತವೂ ಅಲ್ಲ, ಸೂಜಿ.

ಈ ಗುಟ್ಟು ನನ್ನಲ್ಲೇ ಉಳಿದುಹೋಗುತ್ತಿತ್ತೇನೋ, ಶಮೀಮಕ್ಕನ ಪುಸ್ತಕವೊಂದು ನಡುವೆ ಬಾರದಿದ್ದರೆ. ಶಮೀಮಕ್ಕ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವಳು. ಬಟ್ಟೆ ಹೊಲಿಯುತ್ತಾಳೆ. ನನ್ನ ಒಂದನೇ ತರಗತಿಯ ಯೂನಿಫಾರ್ಮಿನಿಂದ ಹಿಡಿದು, ಹರಿಹರದ ಕಾಲೇಜಿನಲ್ಲಿ ಇತಿಹಾಸದ ಮೇಡಂ ಆದ ಮೇಲಿನ ಕುಪ್ಪಸಗಳವರೆಗೆ ನನ್ನ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಅವಳಿಗೆ ಇರುವ ಒಂದೇ ಚಟ ಹೆದರಿಕೆಯ ಕಾದಂಬರಿ. ಗುಂಡಿಗೆ ಕಾಜ ಹಾಕುವಾಗ ಬೇಜಾರಾಗುತ್ತದೆಂದು ನಾನು ಸಣ್ಣವಳಿದ್ದಾಗಿನಿಂದ ನನ್ನ ಕೈಲಿ ಓದಿಸಿ ಕೇಳುತ್ತಾಳೆ. ನಾನು ದೆವ್ವವನ್ನು ನಂಬದವಳಾದದ್ದು ಯಾವ ವಿಚಾರವಾದಿಯ ಭಾಷಣದಿಂದಲೂ ಅಲ್ಲ. ಅಷ್ಟೊಂದು ದೆವ್ವದ ಕತೆ ಓದಿದ ಮೇಲೆ ಅವುಗಳ ತರ್ಕದ ದೌರ್ಬಲ್ಯ ಯಾರಿಗಾದರೂ ಕಾಣಲೇಬೇಕು.

ಈ ಸಲದ ಪುಸ್ತಕಕ್ಕೆ ಮುಖಪುಟವೇ ಇರಲಿಲ್ಲ. ಹಾಗಾಗಿ ಹೆಸರು ನನಗೂ ಗೊತ್ತಿಲ್ಲ. ನೂರು ವರ್ಷದ ಹಿಂದಿನ ಮಹಾಯುದ್ಧ, ಯುರೋಪಿನ ಹಿಮ, ಕೆಸರು ತುಂಬಿದ ಕಂದಕಗಳು, ನಮ್ಮ ಕಡೆಯಿಂದ ಹಡಗು ಹತ್ತಿ ಹೋದ ಸಿಪಾಯಿಗಳು. ಅವರ ನಡುವೆ ಒಬ್ಬ ಮಿಲಿಟರಿ ಡಾಕ್ಟರು. ಬಹಳ ಮೃದು ಮಾತಿನವನು, ಗಾಯಾಳುಗಳಿಗೆ ಬಿಸ್ಕತ್ತು ಕೊಟ್ಟು ತಲೆ ಸವರುವವನು. ಅವನಿಗೆ ಇನ್ನೂರು ವರ್ಷ ವಯಸ್ಸು, ಅವನೊಬ್ಬ ರಕ್ತಪಿಶಾಚಿ ಎಂಬುದು ಮೂರನೆಯ ಅಧ್ಯಾಯಕ್ಕೆ ತಿಳಿಯುತ್ತದೆ. ನಾನು ಅಲ್ಲೇ ಪುಸ್ತಕ ಮುಚ್ಚಿ ಆಕ್ಷೇಪ ಎತ್ತಿದೆ. ಇನ್ನೂರು ವರ್ಷದವನನ್ನು ಸೈನ್ಯಕ್ಕೆ ಸೇರಿಸಿಕೊಂಡದ್ದು ಹೇಗೆ, ವಯಸ್ಸಿನ ದಾಖಲೆ ನೋಡಲಿಲ್ಲವೇ ಎಂದೆ.

"ನಿಮ್ಮ ಕಾಲೇಜಿನಂಗೆ ಅಲ್ಲೂ ಟಿಸಿ ಕೇಳ್ತಾರೇನು? ಮುಂದ ಓದು" ಎಂದಳು ಶಮೀಮಕ್ಕ.

"ಆಯ್ತು, ಅವನಿಗೆ ರಕ್ತ ಬೇಕಿದ್ದರೆ ಊರಿನಲ್ಲಿ ಸಿಗುತ್ತಿರಲಿಲ್ಲವೇ? ಗುಂಡು ಹಾರುವ ಕಡೆ ಯಾಕೆ ಹೋಗಬೇಕಿತ್ತು?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಊರಾಗ ಒಬ್ಬ ಸತ್ರೆ ಹತ್ತು ಮಂದಿ ಬಂದು ಹೆಂಗ್ ಸತ್ತ, ಯಾಕ ಸತ್ತ ಅಂತ ಕೇಳ್ತಾರವ್ವ. ಯುದ್ಧದಾಗ ಯಾರು ಕೇಳ್ತಾರ?"

ಇತಿಹಾಸ ಪಾಠ ಮಾಡುವ ನಾನು ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದೆ. ಕಾದಂಬರಿಕಾರ ಎಂಟು ಪುಟಗಳಲ್ಲಿ ಹೇಳಿದ್ದನ್ನು ಅವಳು ಒಂದು ಕಾಜ ಹಾಕುವಷ್ಟರಲ್ಲಿ ಹೇಳಿದ್ದಳು. ಆ ಡಾಕ್ಟರಿಗೆ ಇನ್ನೊಂದು ನಿಯಮವೂ ಇತ್ತು: ಒಳಗಿನವರು ಕರೆಯದೆ ಅವನು ಯಾವ ಬಾಗಿಲನ್ನೂ ದಾಟುವಂತಿಲ್ಲ. ಆದರೆ ಗಾಯಾಳುಗಳು ತುಂಬಿದ ಡೇರೆಯಲ್ಲಿ 'ಡಾಕ್ಟರೇ, ಬನ್ನಿ' ಎಂದು ಯಾರು ತಾನೇ ಕರೆಯುವುದಿಲ್ಲ? ಇದನ್ನು ಓದಿ ನಾನು ಹಿಂದಿನ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದೆ. ಶಮೀಮಕ್ಕ ಮಾತ್ರ ನಕ್ಕುಬಿಟ್ಟಳು. "ನಮ್ಮ ಊರಾಗಾದ್ರೆ ಅವನಿಗೆ ಡಾಕ್ಟರ್ ವೇಷಾನೂ ಬೇಕಾಗ್ತಿರಲಿಲ್ಲ ಬಿಡು. ಗ್ಯಾಸ್ ತರೋನಿಗೂ ಬರ್ರಿ, ಕೂಡ್ರಿ, ನೀರು ಕುಡೀರಿ ಅಂತೀವಿ."

ಮುಂದಿನ ಅಧ್ಯಾಯಗಳನ್ನು ನಾನು ಹರಿಹರದ ಬಸ್ಸಿನಲ್ಲೇ ಮೊದಲೇ ಓದಿಕೊಳ್ಳುತ್ತಿದ್ದೆ. ಸಂಜೆ ಓದಿ ಹೇಳುವಾಗ ಧ್ವನಿ ನಡುಗಬಾರದಲ್ಲ, ಅದಕ್ಕೆ. ಆ ಬಸ್ಸಿನಲ್ಲಿ ದಿನವೂ ಒಬ್ಬ ಹಿರಿಯರು ಬರುತ್ತಾರೆ. ಮಲೆಬೆನ್ನೂರಿನಲ್ಲಿ ಅವರಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಹರಿಹರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯುತ್ತಾರೆ. ಪಕ್ಕದಲ್ಲಿ ಕೂತರೆ ನನ್ನ ಪುಸ್ತಕವನ್ನೇ ಓದುತ್ತಾರೆ, ನನಗಿಂತ ಬೇಗ ಓದುತ್ತಾರೆ. "ನಂದು ಆತ್ರಿ ಮೇಡಮ್ಮಾರೆ, ತಿರುವ್ರಿ" ಎನ್ನುತ್ತಾರೆ. ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಬರೆದ ಆಕ್ಷೇಪಗಳನ್ನೂ ಬಿಡದೆ ಓದಿ, "ಇದೇನ್ರಿ, ಪಿಶಾಚಿಗೂ ಪರೀಕ್ಷೆ ಪೇಪರು ತಿದ್ದಿದಂಗೆ ತಿದ್ದೀರಲ್ಲ" ಎಂದಿದ್ದರು ಒಮ್ಮೆ.

ಹೀಗಿರುವಾಗ ಶಮೀಮಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿದ್ದರೂ ಯಾರಿಗೂ ಹೇಳದೆ ಮಷೀನು ತುಳಿದಿದ್ದಳು. ಒಂದು ದಿನ ಎದ್ದು ನಿಂತವಳು ಹಾಗೇ ಕುಸಿದಳು. ಮೈಯಲ್ಲಿ ರಕ್ತವೇ ಇಲ್ಲ, ಎರಡು ಬಾಟಲಿ ಏರಿಸದೆ ಕತ್ತರಿ ಮುಟ್ಟುವುದಿಲ್ಲ ಎಂದರು ಡಾಕ್ಟರು. ರಕ್ತ ಅವರ ಬಳಿಯೇ ಇತ್ತು. ಬದಲಿಗೆ ಅಷ್ಟೇ ರಕ್ತವನ್ನು, ಯಾವ ಗುಂಪಿನದಾದರೂ ಸರಿ, ನಮ್ಮ ಕಡೆಯವರು ಕೊಡಬೇಕಿತ್ತು. ಹರಿಹರದಿಂದ ಅವಳ ತಮ್ಮ ಬಂದು ಒಂದು ಬಾಟಲಿ ಕೊಟ್ಟ. ಗಂಡ ಗಫಾರಣ್ಣ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಅವರದು ಬೇಡವೆಂದರು. ನನ್ನ ಅಮ್ಮನಿಗೆ ವಯಸ್ಸು ದಾಟಿದೆ. ಮಧ್ಯಾಹ್ನ ಒಂದರೊಳಗೆ ಎರಡನೆಯದು ಆಗದಿದ್ದರೆ ನಾಳೆಯ ಆಪರೇಷನ್ ಮುಂದಿನ ವಾರಕ್ಕೆ. ಆ ಒಂದು ವಾರ ಅವಳು ತಡೆಯುವುದು ಕಷ್ಟವೆಂದು ನರ್ಸು ಗಫಾರಣ್ಣನಿಗೆ ಹೇಳಿದ್ದು ನನಗೂ ಕೇಳಿಸಿತ್ತು.

"ಪಲ್ಲೂ ಅದಾಳಲ್ಲ. ಅದರ ಮ್ಯಾಲೆ ಎಷ್ಟು ಕಪ್ ಗೆದ್ದಾಳ ನಮ್ಮ ಹುಡುಗಿ" ಎಂದರು ಗಫಾರಣ್ಣ, ನನ್ನತ್ತ ತಿರುಗಿ. ನಾನು ಹೇಳಿದ ಬಾಗಿಲು ಬಡಿಯುವುದೆಂದರೆ ಇದೇ.

ರಕ್ತ ತೆಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಒಳಗೆ ಎಸಿಯ ಕೊರೆಯುವ ಚಳಿ. ಅಲ್ಲಿದ್ದ ಟೆಕ್ನಿಷಿಯನ್ ತೆಳ್ಳಗೆ, ಸುಣ್ಣ ಹಚ್ಚಿದಷ್ಟು ಬೆಳ್ಳಗೆ ಇದ್ದ. ಮೇಲಿನ ಹಲ್ಲು ಎರಡು ಸ್ವಲ್ಪ ಮುಂದೆ. "ಬರ್ರಿ ಮೇಡಂ, ಕೂಡ್ರಿ, ಅಂಜಬ್ಯಾಡ್ರಿ, ಇರುವೆ ಕಚ್ಚಿದಂಗಾಗ್ತೈತೆ" ಎಂದ. ಅವನ ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣವಿತ್ತು. ಐದನೆಯ ಅಧ್ಯಾಯದಲ್ಲಿ ಪಂಜಾಬಿನ ಸಿಪಾಯಿಯ ಪಕ್ಕದಲ್ಲೂ ಇಂಥದೇ ಬಿಸ್ಕತ್ತು ಇತ್ತು, ಆರನೆಯ ಅಧ್ಯಾಯದಲ್ಲಿ ಆ ಸಿಪಾಯಿ ಇರಲಿಲ್ಲ. ನಾನು ಮನಸ್ಸಿನಲ್ಲೇ ತೀರ್ಪುಗಾರಳಾಗಿ ಕುಳಿತು ಸಾಕ್ಷ್ಯಗಳನ್ನು ಒಂದೊಂದಾಗಿ ತಳ್ಳಿಹಾಕತೊಡಗಿದೆ. ಬಿಳುಪು ಸಾಕ್ಷ್ಯವಲ್ಲ, ಹಲ್ಲು ಸಾಕ್ಷ್ಯವಲ್ಲ. ಮಾತಿಗೆ ಎಳೆಯಲು, ಯಾವ ಊರೆಂದು ಕೇಳಿದೆ. "ಆನಗೋಡ್ರಿ. ಆದ್ರ ಊರು ನೋಡೇ ಎಷ್ಟು ದಿನಾತು. ಬೆಳಿಗ್ಗೆ ಇಲ್ಲಿ ಇಳಿದ್ರೆ ಮ್ಯಾಲೆ ಬರೋವಾಗ ಹೊತ್ತು ಮುಳುಗಿರ್ತೈತೆ. ಬಿಸಿಲು ಕಾಣಂಗಿಲ್ರಿ ನಾವು." ನನ್ನ ಕೈಯಲ್ಲಿದ್ದ ತಣ್ಣನೆಯ ನೀರಿನ ಬಾಟಲಿಯನ್ನು ಎರಡೂ ಕೈಯಿಂದ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಅವನು ನನ್ನ ಬೆರಳು ಚುಚ್ಚಿ, ಹಿಂಡಿ ಹಿಂಡಿ ಒಂದು ಹನಿ ತೆಗೆದು ಸಣ್ಣ ಯಂತ್ರಕ್ಕೆ ಕೊಟ್ಟ. ನೋಡಿ ತಲೆಯಾಡಿಸಿದ. ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕಂತೆ, ನನ್ನದು ಹನ್ನೆರಡು. "ಬರಂಗಿಲ್ರಿ ಮೇಡಂ. ಬ್ಯಾರೆ ಯಾರನ್ನಾದ್ರೂ ಕಳಿಸ್ರಿ."

ಆಗ ನನಗಾದ ಸಮಾಧಾನವನ್ನು ಹೇಗೆ ವರ್ಣಿಸಲಿ? ಪರೀಕ್ಷೆಯ ದಿನ ಬೆಳಿಗ್ಗೆ ಪ್ರಶ್ನೆಪತ್ರಿಕೆ ಬಯಲಾಗಿ ಪರೀಕ್ಷೆಯೇ ರದ್ದಾದಂತೆ. ನನ್ನ ತಪ್ಪಿಲ್ಲ, ನಾನು ಹೆದರಲಿಲ್ಲ, ಬಂದಿದ್ದೆ, ಕೂತಿದ್ದೆ, ವಿಜ್ಞಾನವೇ ಬೇಡವೆಂದಿತು. ಬಾಗಿಲ ಹೊರಗೆ ಗಫಾರಣ್ಣ ಎಳನೀರು ಹಿಡಿದು ನಿಂತಿದ್ದರು. ಅವರ ಮುಖ ನೋಡಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಈ ಪ್ರಬಂಧಕ್ಕೆ ಶೋಭೆ. ನಿಜವೆಂದರೆ ನಾನು ಅವರ ಮುಖ ನೋಡಲೇ ಇಲ್ಲ. ಚಪ್ಪಲಿ ಹುಡುಕುತ್ತಿದ್ದೆ.

ಅಷ್ಟರಲ್ಲಿ ಟೆಕ್ನಿಷಿಯನ್ ಹೊರಕೋಣೆಯ ಮೇಜಿನ ಮುಂದೆ ಕೂತು ಊಟದ ಡಬ್ಬಿ ಬಿಚ್ಚುತ್ತಾ ಗಫಾರಣ್ಣನಿಗೆ ಹೇಳಿದ: "ಹೆಣ್ಮಕ್ಕಳು ಅಂದ್ರೆ ಹಿಂಗೇ ಅಲ್ರಿ. ಬಾಯಿ ಜೋರು, ಮೈಯಾಗ ರಕ್ತ ಇರಂಗಿಲ್ಲ. ಗಂಡುಮಕ್ಕಳನ್ನ ಕರಕೊಂಡು ಬರ್ರಿ."

ನನ್ನ ಒಂದು ಕಾಲು ಚಪ್ಪಲಿಯಲ್ಲಿತ್ತು. ಇನ್ನೊಂದು ಕಾಲನ್ನೂ ಹಾಕಿ ನಡೆದುಬಿಟ್ಟಿದ್ದರೆ ಕತೆ ಮುಗಿದಿತ್ತು. ಆದರೆ ಇಂಥ ಮಾತಿಗೆ ಉತ್ತರ ಕೊಡದೆ ನಾನು ಯಾವ ಕೋಣೆಯಿಂದಲೂ ಇದುವರೆಗೆ ಹೊರಬಂದವಳಲ್ಲ. ತಿರುಗಿ ನಿಂತು, "ಮೂರು ಅಂಶಗಳು" ಎಂದೆ. ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. ಒಂದು, ತಣ್ಣಗಿರುವ ಬೆರಳಿನಿಂದ ತೆಗೆದ ಹನಿಯನ್ನು ನಂಬುವಂತಿಲ್ಲ, ನನ್ನ ಕೈ ಹಿಮವಾಗಿದೆ. ಎರಡು, ಬೆರಳನ್ನು ನಿಂಬೆಹಣ್ಣಿನಂತೆ ಹಿಂಡಿದರೆ ರಕ್ತದ ಜೊತೆ ಮೈಯ ನೀರೂ ಸೇರಿ ಲೆಕ್ಕ ಕಡಿಮೆ ಬರುತ್ತದೆ. ಮೂರು, ಬಾಯಿಗೂ ರಕ್ತಕ್ಕೂ ಸಂಬಂಧ ಕಲ್ಪಿಸುವುದು ವಿಜ್ಞಾನವಲ್ಲ. ಈ ಒಂದು, ಎರಡನ್ನು ನಾನು ಎಲ್ಲಿ ಕಲಿತಿದ್ದೆ ಗೊತ್ತೇ? ರಕ್ತದಾನಕ್ಕೆ ವಿರೋಧವಾಗಿ ಮಾತಾಡಿ ಗೆದ್ದ ಆ ಚರ್ಚೆಗೆ ತಯಾರಿ ನಡೆಸುವಾಗ. ಶಿಬಿರಗಳಲ್ಲಿ ಪರೀಕ್ಷೆ ಹೇಗೆ ಕಾಟಾಚಾರದ್ದು ಎಂದು ತೋರಿಸಲು ಕಲೆಹಾಕಿದ್ದ ಸರಕು ಅದು.

ಹಾಗೆ ಮಾತಾಡುವಾಗಲೇ ನನ್ನ ಮೂಗಿಗೆ ಅವನ ಡಬ್ಬಿಯ ವಾಸನೆ ಬಡಿಯಿತು. ಜೋಳದ ರೊಟ್ಟಿಯ ಮೇಲೆ ಮುಷ್ಟಿಯಷ್ಟು ಬೆಳ್ಳುಳ್ಳಿ ಖಾರ. ಬೆಳ್ಳುಳ್ಳಿಯ ಎಸಳು ಕಂಡರೆ ಆ ಮಿಲಿಟರಿ ಡಾಕ್ಟರು ಮೈಲಿ ದೂರ ಓಡುತ್ತಾನೆ, ನಾಲ್ಕನೆಯ ಅಧ್ಯಾಯದಲ್ಲಿದೆ. ಈ ಮನುಷ್ಯ ಬೆರಳು ಚೀಪುತ್ತಿದ್ದ. ನಾನು ನಂಬದ ಪಿಶಾಚಿಗೆ ನಾನು ನಂಬದ ಮದ್ದು, ಆದರೂ ಅದರಿಂದ ನನ್ನ ಎದೆ ಹಗುರವಾದದ್ದು ನೂರಕ್ಕೆ ನೂರು ಸತ್ಯ. ಆರೋಪಿಯನ್ನು ಖುಲಾಸೆ ಮಾಡಿದೆ.

"ನೀವು ಹೇಳೋದೂ ಖರೇನೇ ಐತೆ ಬಿಡ್ರಿ" ಎಂದ ಅವನು, ಸ್ವಲ್ಪವೂ ಬೇಸರವಿಲ್ಲದೆ. "ಕೈ ಉಜ್ಕೊಂತ ಕೂಡ್ರಿ. ರೊಟ್ಟಿ ತಿಂದು ಬರ್ತೀನಿ, ಇನ್ನೊಂದು ಸಲ ನೋಡೋಣ."

ನೋಡಿದ. ಈ ಸಲ ಯಂತ್ರದಲ್ಲಿ ಹನ್ನೆರಡೂ ಮುಕ್ಕಾಲು ಬಂತು. ನಾನು ಗೆದ್ದಿದ್ದೆ. ಗೆದ್ದ ಸಂತೋಷದಲ್ಲಿ ಕೈಯೆತ್ತಿ ಸುತ್ತ ನೋಡುವಷ್ಟರಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಿ ತೋಳಿಗೆ ಪಟ್ಟಿ ಬಿಗಿದಿದ್ದರು. ಏನು ಗೆದ್ದೆನೆಂಬುದು ಆಗ ಹೊಳೆಯಿತು. ಕಣ್ಣು ಮುಚ್ಚಿದೆ. ಇರುವೆ ಕಚ್ಚಿದಂತೆ ಆಗಲಿಲ್ಲ, ಅದಕ್ಕಿಂತ ಜೋರಾಗಿಯೇ ಕಚ್ಚಿತು. ಆದರೆ ಒಂದೇ ಕ್ಷಣ. ಇಷ್ಟಕ್ಕಾಗಿಯೇ ನಾನು ಇಷ್ಟು ವರ್ಷ ಭಾಷಣ ಮಾಡಿ ತಪ್ಪಿಸಿಕೊಂಡಿದ್ದೆ ಎಂದು ನಾಚಿಕೆಯಾಯಿತು. ಬಾಟಲಿಯಲ್ಲ, ಚೀಲ, ಅದು ತೊಟ್ಟಿಲಿನಂಥ ತಕ್ಕಡಿಯಲ್ಲಿ ಮೆಲ್ಲಗೆ ತೂಗುತ್ತಾ ತುಂಬಿತು. ಬಿಸ್ಕತ್ತು ತಿಂದೆ. ಗಫಾರಣ್ಣನ ಎಳನೀರನ್ನೂ ಕುಡಿದೆ. ಈಗ ಅವರ ಮುಖ ನೋಡಿದೆ. ಅವರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆಪರೇಷನ್ ಮರುದಿನ ಬೆಳಿಗ್ಗೆ ಆಯಿತು. ಗಡ್ಡೆ ಕ್ಯಾನ್ಸರಿನದಲ್ಲ ಎಂದರು. ಮೂರನೆಯ ದಿನ ನಾನು ಪುಸ್ತಕ ಹಿಡಿದು ವಾರ್ಡಿಗೆ ಹೋದಾಗ ಗಫಾರಣ್ಣ ಅಕ್ಕಪಕ್ಕದ ಮಂಚದವರಿಗೆಲ್ಲ ನನ್ನ ಕತೆ ಹೇಳುತ್ತಿದ್ದರು: "ಬ್ಯಾಡ ಹೋಗ್ರಿ ಅಂದ್ರೂ ಬಿಡಲಿಲ್ರಿ ಈ ಹುಡುಗಿ. ನಮ್ಮಾಕೆ ಸಲುವಾಗಿ ಜಗಳ ಮಾಡಿ ರಕ್ತ ಕೊಟ್ಲು." ಎಲ್ಲರೂ ನನ್ನತ್ತ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ವಿನಯದ ಅಭ್ಯಾಸವಿಲ್ಲದ ಕಾರಣ ಅದು ಕುತ್ತಿಗೆ ಉಳುಕಿದಂತೆ ಕಂಡಿರಬೇಕು. ಗಫಾರಣ್ಣ ಚಹಾ ತರಲು ಹೋದಮೇಲೆ ಶಮೀಮಕ್ಕ ಕಣ್ಣು ಕಿರಿದು ಮಾಡಿದಳು.

"ಈಗ ನಿಜ ಹೇಳು. ಆ ಮನುಷ್ಯ ನಿಂಗೆ ಏನೋ ಅಂದಿರ್ಬೇಕು."

ಹೇಳಿದೆ. ಚಪ್ಪಲಿ, ಹಿಂಡಿದ ಬೆರಳು, ಬೆಳ್ಳುಳ್ಳಿ ಖಾರ, ಎಲ್ಲವನ್ನೂ. ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. "ನಗಿಸಬ್ಯಾಡ ಬೇಟಾ, ಹೊಲಿಗೆ ಬಿಚ್ಚಿದ್ರೆ ನಾನೇ ಹಾಕ್ಕೋಬೇಕಾಗ್ತೈತೆ. ಪುಸ್ತಕದಾಗಿನ ಆ ಡಾಕ್ಟರು ಕರೀದೇ ಒಳಗ ಬರಂಗಿಲ್ಲ ಅಂತಾನ. ನೀನು ಹೊರಗ ಹಾಕಿದ್ರೂ ಜಗಳಾಡಿ ಒಳಗ ಹೋಗಿ ಕೈ ಚಾಚೀಯಲ್ಲ."

ಆಗಲೇ ನರ್ಸು ಬಂದು ಸಪ್ಪನೆಯ ಗಂಜಿ ಇಟ್ಟಳು. ಇಪ್ಪತ್ತು ವರ್ಷದಲ್ಲಿ ಗಿರಾಕಿಗಳಿಗೂ ಎದುರು ಮಾತಾಡಿ ಗೊತ್ತಿಲ್ಲದ ಶಮೀಮಕ್ಕ, ಉಪ್ಪು ಯಾಕಿಲ್ಲ, ಬಿಪಿ ಇಲ್ಲದವರಿಗೆ ಉಪ್ಪು ಯಾಕೆ ಬ್ಯಾಡ, ನಿನ್ನೆಯ ಡಾಕ್ಟರು ಏನೂ ಹೇಳಿಲ್ಲವಲ್ಲ ಎಂದು ಬೆರಳು ಮಡಿಸಿ ಮಡಿಸಿ ಕೇಳಿದಳು. ನರ್ಸು ಕೇಳಿಕೊಂಡು ಬರುತ್ತೇನೆಂದು ಹೊರಟೇಹೋದಳು. ಶಮೀಮಕ್ಕ ದಿಂಬಿಗೆ ಒರಗಿ ಬಹಳ ತೃಪ್ತಿಯಿಂದ ಹೇಳಿದಳು: "ನೋಡಿದ್ಯಾ? ನಿನ್ನ ರಕ್ತ ಹತ್ತೈತೆ ನಂಗೆ."

ನನ್ನಲ್ಲಿ ಮೂರು ಅಂಶಗಳು ಸಿದ್ಧವಿದ್ದವು. ಒಂದು, ಅದು ಬದಲಿ ರಕ್ತ, ನನ್ನದು ಫ್ರಿಜ್ಜಿನಲ್ಲಿದೆ ಇಲ್ಲವೇ ಗುರುತಿಲ್ಲದ ಇನ್ನಾರದೋ ಮೈಯಲ್ಲಿದೆ. ಎರಡು, ನಮ್ಮಿಬ್ಬರ ಗುಂಪೇ ಬೇರೆ. ಮೂರು, ವಾದ ಮಾಡುವ ಗುಣ ರಕ್ತದಲ್ಲಿ ಹರಿಯುವುದಿಲ್ಲ. ಅವಳ ಕೆನ್ನೆಯಲ್ಲಿ ತಿಂಗಳುಗಳ ನಂತರ ಒಂದಿಷ್ಟು ಬಣ್ಣ ಬಂದಿತ್ತು. ನಾನು ಪುಸ್ತಕ ತೆಗೆದು, ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಕೇಳಿದೆ. ಜೀವಮಾನದಲ್ಲಿ ಮೊದಲ ಬಾರಿಗೆ, ಗೆಲ್ಲಬಹುದಾಗಿದ್ದ ವಾದವೊಂದನ್ನು ನುಂಗಿ ಕುಳಿತೆ.

ಮರುದಿನ ಬೆಳಗಿನ ಹರಿಹರದ ಬಸ್ಸಿನವರೆಗೆ ಮಾತ್ರ. ಪಕ್ಕದಲ್ಲಿ ಮಲೆಬೆನ್ನೂರಿನ ಹಿರಿಯರು ಬಂದು ಕೂತದ್ದೇ ತಡ, ಬದಲಿ ರಕ್ತ ಎಂದರೇನು ಎಂಬಲ್ಲಿಂದ ಶುರುಮಾಡಿ ಮೂರೂ ಅಂಶಗಳನ್ನು ಉದಾಹರಣೆ ಸಮೇತ ಅವರ ಮುಂದೆ ಮಂಡಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ಹಾಕಿಕೊಳ್ಳುತ್ತಾ, "ಆ ಯಮ್ಮ ಈಗ ಆರಾಮದಾರಲ್ರಿ?" ಎಂದರು.

ಆರಾಮಾಗಿದ್ದಾರೆ ಎಂದೆ.

"ಹಂಗಾರ ಬಿಡ್ರಿ ಮೇಡಮ್ಮಾರೆ. ಪುಸ್ತಕ ತೆಗೀರಿ, ಆ ಡಾಕ್ಟರು ಡೇರೆ ಬಾಗಲಾಗೇ ನಿಂತಾನ ನಾಲ್ಕೈದು ದಿನದಿಂದ."