ಚೆನ್ನಾಗಿ ಓಡಿದ್ದಕ್ಕೇ ಬಿಚ್ಚಿದರು

ನಟ್ಟಣ್ಣ ಒಂದೇ ಒಂದು ದಿನ ರಜೆ ಹಾಕದೆ ಇದ್ದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಹಾಕಿದ್ದಾದರೂ ಯಾಕೆ? ಮಾವನವರನ್ನು ಅವರೂರಿನಿಂದ ಕರೆತರುವುದಕ್ಕೆ.

ನಟ್ಟಣ್ಣ ಎನ್ನುವುದು ಜೊತೆಯವರು ಇಟ್ಟ ಹೆಸರು. ಹಡಗಿನ ಡೀಸೆಲ್ ಎಂಜಿನ್ನು ಕಟ್ಟುವ ಕಾರ್ಖಾನೆಯಲ್ಲಿ ನಟ್ಟು ಬಿಗಿಯುವುದು ಅವನ ಕೆಲಸ. ನಟ್ಟು ಅಂದರೆ ಸೈಕಲ್ಲಿನದಲ್ಲ, ಒಂದೊಂದೂ ಬಕೆಟ್ಟಿನ ಗಾತ್ರ. ಕೈಯಿಂದ ತಿರುಗಿಸಿ ಬಿಗಿಯುವ ಮಾತೇ ಇಲ್ಲ; ಜಾಕಿ ಹಾಕಿ ಬೋಲ್ಟನ್ನೇ ಎಳೆದು ಹಿಗ್ಗಿಸಿ, ಆಮೇಲೆ ನಟ್ಟು ಕೂರಿಸಬೇಕು. ಎಂಜಿನ್ನೋ, ನಾಲ್ಕು ಮಹಡಿ ಮನೆಯಷ್ಟು ಎತ್ತರ. ಅದರ ಸಿಲಿಂಡರಿನೊಳಗೆ ಒಬ್ಬ ಮನುಷ್ಯ ನಿಂತು ಹಾಯಾಗಿ ಮೈಮುರಿಯಬಹುದು.

ಇಷ್ಟಿದ್ದರೂ ಮಾವನವರ ಲೆಕ್ಕದಲ್ಲಿ ಅವನು ಕಬ್ಬಿಣ ಹೊರುವವನು. ಮಾವ ಗಡಿಯಾರ ರಿಪೇರಿಯವರು. ಜೀವಮಾನವೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಂಥ ತಿರುಪುಗಳ ಜೊತೆ ಕಳೆದವರು. "ದೊಡ್ಡದು ಮಾಡೋದೇನು ಹೆಚ್ಚುಗಾರಿಕೆ? ದೊಡ್ಡದು ಅಂತ ಆನೆ ಲದ್ದಿ ತಂದು ಯಾರಾದ್ರೂ ಮನೇಲಿ ಇಟ್ಕೋತಾರಾ?" ಎಂದು ಮದುವೆಯ ವರ್ಷವೇ ಹೇಳಿದ್ದರು. ಅವರ ಬಾಯಿಂದ ಒಂದು 'ಭೇಷ್' ಕೇಳಬೇಕು ಎನ್ನುವುದು ಅಂದಿನಿಂದಲೂ ನಟ್ಟಣ್ಣನ ಆಸೆ.

ಆ ಭಾಗ್ಯ ಇವತ್ತು ಕೂಡಿಬರುವುದಿತ್ತು. ಕಾರ್ಖಾನೆಗೆ ಮನೆಮಂದಿ ಬರಬಹುದಾದ ದಿನ ಇವತ್ತೇ, ಹೊಸ ಎಂಜಿನ್ನು ಮೊದಲ ಸಲ ಓಡುವ ದಿನವೂ ಇವತ್ತೇ. ವ್ಯಾನಿನಲ್ಲಿ ಹೆಂಡತಿ, ಮಾವ ಹತ್ತಿದರು. ಕರೆಯದೆಯೇ ಎದುರುಮನೆ ಟೈಲರ್ರೂ ಪಕ್ಕದ ಮನೆ ಅಜ್ಜಿಯೂ ಹತ್ತಿದರು.

"ನೆಲ ನಡುಗತ್ತೆ ಮಾವ. ಮಾತಾಡಿದ್ರೆ ಪಕ್ಕದವ್ರಿಗೆ ಕೇಳ್ಸಲ್ಲ" ಎಂದು ನಟ್ಟಣ್ಣ ದಾರಿಯುದ್ದಕ್ಕೂ ಕೊಚ್ಚಿಕೊಂಡ. ಟೈಲರ್ ಜೇಬಿನಿಂದ ಹತ್ತಿ ತೆಗೆದು ಎಲ್ಲರಿಗೂ ಹಂಚಿದ. ಮಾವ ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡರು.

ಬಾಗಿಲಲ್ಲಿ ಕೊಟ್ಟ ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಹೋದರೆ ನಟ್ಟಣ್ಣನ ಜೀವ ಬಾಯಿಗೆ ಬಂತು. ಎಂಜಿನ್ನಿನ ತಲೆಯೇ ಇರಲಿಲ್ಲ. ಕ್ರೇನು ಒಂದು ಪಿಸ್ಟನ್ನನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಮೇಲಕ್ಕೆಳೆಯುತ್ತಿತ್ತು.

"ಓಡ್ತಾ ಇದೆಯಾ?" ಮಾವ ಕಿರುಚಿದರು. "ಹತ್ತಿ ಭಾರಿ ಚೆನ್ನಾಗಿದೆ, ಏನೂ ಕೇಳಿಸ್ತಿಲ್ಲ!"

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ. "ನೀನು ರಜಾ ಹಾಕಿದ್ಯಲ್ಲ, ನಿನ್ನೇನೇ ಟೆಸ್ಟ್ ಮುಗೀತು. ಹಡಗಿನ ಕಡೆಯವ್ರಿಗೆ ಏನೋ ಅವಸರ. ಗಡಿಯಾರದ ಹಾಗೆ ಓಡ್ತು ಕಣಯ್ಯಾ! ಅದಕ್ಕೇ ಬೆಳಿಗ್ಗೆಯಿಂದ ಬಿಚ್ತಾ ಇದ್ದೀವಿ."

ಅಷ್ಟರಲ್ಲಿ ಮಾವ ಹತ್ತಿ ತೆಗೆದಿದ್ದರು. "ಚೆನ್ನಾಗಿ ಓಡೋ ಗಡಿಯಾರಾನ ಯಾರ್ರೀ ಬಿಚ್ತಾರೆ?"

ನಟ್ಟಣ್ಣ ಬಿಡಿಸಿ ಹೇಳಿದ. ಇಷ್ಟು ಭಾರವನ್ನು ಇಡಿಯಾಗಿ ಸಾಗಿಸಲು ಆಗುವುದಿಲ್ಲ. ಇಲ್ಲಿ ಜೋಡಿಸಿ, ಓಡಿಸಿ, ಪಾಸಾದ ಮೇಲೆ ಬಿಚ್ಚಿ, ಭಾಗ ಭಾಗವಾಗಿ ಹಡಗುಕಟ್ಟೆಗೆ ಒಯ್ದು, ಹಡಗಿನ ಹೊಟ್ಟೆಯೊಳಗೆ ಮತ್ತೆ ಜೋಡಿಸುತ್ತಾರೆ.

"ಅಂದ್ರೆ ಅಳಿಯಂದ್ರೇ, ನಾನೂ ಗಿರಾಕಿಗೆ ಗಡಿಯಾರ ಓಡಿಸಿ ತೋರ್ಸಿ, ಆಮೇಲೆ ಬಿಚ್ಚಿ ಪೊಟ್ಟಣ ಕಟ್ಟಿ ಕೊಡಬೇಕಿತ್ತು ಅನ್ನಿ."

"ಇನ್ಮೇಲೆ ನಾನೂ ಅಂಗಿ ಅಳತೆ ನೋಡಿ, ಸರಿಯಾಗಿದ್ರೆ ಹೊಲಿಗೆ ಬಿಚ್ಚಿ ಕಳಿಸ್ತೀನಿ" ಎಂದ ಟೈಲರ್. "ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಳಂತೆ."

ಅಜ್ಜಿಗೆ ಕರುಳು ಚುರ್ ಎಂದಿತು. "ಸುಮ್ನಿರ್ರಪ್ಪ. ಮೊದಲ್ನೇ ಸಲ ಎಲ್ರಿಗೂ ಕೆಡತ್ತೆ. ಬೇಜಾರು ಮಾಡ್ಕೋಬೇಡ ಮಗಾ."

"ಅಜ್ಜೀ, ಇದು ಮೊದಲ್ನೇದಲ್ಲ!"

"ಹಾಗಾದ್ರೆ ಹಿಂದಿನದನ್ನೂ ಬಿಚ್ಚಿದ್ರಾ?"

"ಹೂಂ ಮತ್ತೆ, ಎಲ್ಲವನ್ನೂ ಬಿಚ್ಚಿದ್ದಾರೆ" ಎಂದ ನಟ್ಟಣ್ಣ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅದೇ ಹೊತ್ತಿಗೆ ಮೇಲಿನಿಂದ ಕ್ರೇನಿನವನು ತಮಾಷೆಗೆ ಕೂಗಿದ: "ನಟ್ಟಣ್ಣಾ, ನೀನು ದಿನಾ ರಜಾ ಹಾಕಪ್ಪ! ನೀನಿಲ್ದೆ ಇದ್ರೇ ಎಂಜಿನ್ನು ಚೆನ್ನಾಗಿ ಓಡತ್ತೆ!" ಎಲ್ಲರೂ ನಕ್ಕರು. ಮಾವ ನಗಲಿಲ್ಲ.

ನಟ್ಟಣ್ಣ ಮೇಸ್ತ್ರಿಯ ತೋಳು ಹಿಡಿದು, "ನೀವಾದ್ರೂ ಸರಿಯಾಗಿ ಹೇಳಿ" ಎಂದು ಗೋಗರೆಯುತ್ತಿದ್ದಾಗ ಹೆಂಡತಿ ಕೇಳಿದಳು, "ಅಪ್ಪ ಎಲ್ಲಿ?"

ಮಾವ ಮ್ಯಾನೇಜರರ ಗಾಜಿನ ಕೋಣೆಯಲ್ಲಿದ್ದರು. ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ಯಾರ ಮುಂದೂ ತಲೆ ಬಾಗಿಸದ ಮನುಷ್ಯ! ನಟ್ಟಣ್ಣ ಕಬ್ಬಿಣದ ಮೆಟ್ಟಿಲು ಹಾರಿಕೊಂಡು ಓಡಿದ.

"ಹುಡುಗನ ಕೈ ಸ್ವಲ್ಪ ಒರಟು ಸ್ವಾಮಿ, ಮನಸ್ಸು ಮಾತ್ರ ಅಪ್ಪಟ ಚಿನ್ನ" ಎಂದು ಮಾವ ಹೇಳುವುದು ಬಾಗಿಲಿಗೇ ಕೇಳಿಸಿತು. "ನನ್ನ ಮಗಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದಾನೆ. ಕೆಲಸದಿಂದ ಮಾತ್ರ ತೆಗೀಬೇಡಿ. ಬಿಚ್ಚಿದ್ದನ್ನ ಅವನ ಕೈಲೇ ಮತ್ತೆ ಜೋಡಿಸಿ. ಒಲ್ಲೆ ಅನ್ನಲ್ಲ, ಅದಕ್ಕೆ ನಾನು ಹೊಣೆ."

ನಟ್ಟಣ್ಣನ ಕಣ್ಣು ತುಂಬಿ ಬಂತು. ಒಂದು ಭೇಷ್‌ಗಾಗಿ ಬಾಯಿಬಿಟ್ಟುಕೊಂಡು ಕಾದವನಿಗೆ ಚಿನ್ನ ಅನ್ನುವ ಮಾತು ಸಿಕ್ಕಿತ್ತು. ಸತ್ಯ ಹೇಳಿಬಿಡೋಣವೆಂದು ಒಳಗೆ ಕಾಲಿಟ್ಟ.

ಮ್ಯಾನೇಜರ್ ಅವನನ್ನು ನೋಡಿದರು. ಭಾಗಗಳ ಜೊತೆ ಹಡಗುಕಟ್ಟೆಗೆ ಹೋಗಿ, ಚಳಿಗಾಲವೆಲ್ಲ ಹಡಗಿನ ಹೊಟ್ಟೆಯಲ್ಲಿದ್ದು ಎಂಜಿನ್ನು ಜೋಡಿಸುವವರು ಬೇಕೆಂದು ಅವರು ಒಂದು ತಿಂಗಳಿಂದ ಎಲ್ಲರನ್ನೂ ಕೇಳಿ ಸೋತಿದ್ದರು. ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬನ ಅಕ್ಕನಿಗೆ ಹೆರಿಗೆ. ನಟ್ಟಣ್ಣನಿಗೆ ಬೆನ್ನುನೋವು.

"ನಿಮ್ಮ ಮುಖ ನೋಡಿ ಇನ್ನೊಂದು ಅವಕಾಶ ಕೊಡ್ತೀನಿ ಯಜಮಾನ್ರೇ" ಎಂದರು ಮ್ಯಾನೇಜರ್, ಬಹಳ ಗಂಭೀರವಾಗಿ. "ಹಡಗುಕಟ್ಟೆಗೆ ಹೋಗಿ ಇವನೇ ಜೋಡಿಸಲಿ. ನಾಳೆಯೇ ಹೊರಡಲಿ."

"ಸಾರ್, ನನ್ನ ಬೆನ್ನು..."

"ಬೆನ್ನಿಗೇನಾಗಿದೆ? ಕಲ್ಲುಗುಂಡಿನ ಹಾಗಿದೆ!" ಎಂದರು ಮಾವ. ಆಮೇಲೆ ಮ್ಯಾನೇಜರರ ಎರಡೂ ಕೈ ಹಿಡಿದು ಅಲುಗಾಡಿಸಿದರು. "ಭೇಷ್ ಸ್ವಾಮಿ, ಭೇಷ್! ಮನುಷ್ಯ ಅಂದ್ರೆ ನೀವು!"

ಮೆಟ್ಟಿಲು ಇಳಿಯುವಾಗ ಮಾವನ ಮುಖ ಮಗಳ ಸಂಸಾರ ಉಳಿಸಿದ ಸಂತೋಷದಿಂದ ಹೊಳೆಯುತ್ತಿತ್ತು. ಅದನ್ನು ನೋಡಿ ನಟ್ಟಣ್ಣನಿಗೆ ಸತ್ಯ ಹೇಳುವ ಮನಸ್ಸಾಗಲಿಲ್ಲ. "ದೊಡ್ಡ ಉಪಕಾರ ಆಯ್ತು ಮಾವ" ಎಂದ.

"ಅದಿರ್ಲಿ ಬಿಡಿ ಅಳಿಯಂದ್ರೇ" ಎಂದು ಮಾವ ಅವನ ಹೆಗಲ ಮೇಲೆ ಕೈಯಿಟ್ಟರು. "ಅಲ್ಲಾದ್ರೂ ಸ್ವಲ್ಪ ಗಮನ ಇಟ್ಟು ಜೋಡಿಸಿ. ಅವರು ಮತ್ತೆ ಬಿಚ್ಚೋ ಹಾಗೆ ಮಾಡ್ಕೋಬೇಡಿ."