ಅರಪಯ್ಯ ಬರೋ ಹೊತ್ತು

ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೂ ಆಯಿತೆಂದರೆ ಅದರ ಬುಡದಲ್ಲಿ ನಮ್ಮ ಅತ್ತೆಯವರ ಫೋನು ಇದ್ದೇ ಇರುತ್ತದೆ. ಹೋದ ವರ್ಷ ಅವರು ಕಲಘಟಗಿಯ ನಮ್ಮ ಹಿತ್ತಲಲ್ಲಿ ಜಾರಿ ಬಿದ್ದು, ಹುಬ್ಬಳ್ಳಿಯಲ್ಲಿ ಮೊಣಕಾಲಿನ ಆಪರೇಶನ್ ಆಯಿತು. ಡಾಕ್ಟರು "ಇನ್ನ ನಡೀರಿ" ಅಂದರು. ಅತ್ತೆ ಹೆದರಿ ಮಂಚ ಬಿಟ್ಟು ಇಳಿಯಲಿಲ್ಲ. ವಾಕರ್ ಮೇಲೆ ಟವೆಲ್ಲು ಒಣಗತೊಡಗಿತು. ಗೋಡೆ ನೋಡುತ್ತ ಮಲಗಿರುತ್ತಾರಲ್ಲ ಎಂದು ನಾನೇ ಅವರ ಫೋನಿಗೆ ಮೀನು ಹಿಡಿಯುವ ಒಂದು ಆಟ ಹಾಕಿಕೊಟ್ಟೆ.

ಗಾಳ

ಲಿಂಗಪೂಜೆ ಆಗದೆ ಚಹಾ ಸಹ ಕುಡಿಯದ ಹೆಂಗಸು. ಆಟ ನೋಡಿ ಮೊದಲು ಕೇಳಿದ್ದು, "ಹಿಡದ ಮ್ಯಾಲೆ ತಿಂತಾರೇನು?"

"ಇಲ್ರೀ ಅತ್ತಿ. ಗಾಜಿನ ತೊಟ್ಟಿಯೊಳಗ ಬಿಡ್ತಾರ. ಎಲ್ಲಾ ನಮೂನಿ ಮೀನ ಕೂಡಿಸಿದ್ರ ಗೆದ್ದಂಗ."

"ಹಂಗಾದ್ರ ಅಡ್ಡಿಯಿಲ್ಲ. ಗಾಳಕ್ಕ ಏನ ಹಚ್ಚೂದು?"

"ಎರಿಹುಳಾ."

ಅತ್ತೆ ಫೋನು ಕೆಳಗಿಟ್ಟರು. "ಜ್ವಾಳದ ರೊಟ್ಟಿ ಚೂರು ನಡೀತೈತೇನು, ಕೇಳಿ ನೋಡು."

ಬೀಗರು

ಹುಳಕ್ಕೊಮ್ಮೆ ಕೈಮುಗಿದು ಗಾಳ ಹಾಕುತ್ತ ಹಾಕುತ್ತ ಅತ್ತೆ ತೊಟ್ಟಿಗಳನ್ನೆಲ್ಲ ತುಂಬಿಸಿದರು. ಅತಿ ದೊಡ್ಡದೊಂದು ಮಾತ್ರ ಖಾಲಿ ಉಳಿಯಿತು. ಅದು ಅರಪೈಮಾ ಎಂಬ ಮೀನಿನದು. ಅಮೆಜಾನ್ ಹೊಳೆಯದು, ಆಳಿಗಿಂತ ಉದ್ದ. ಆಟದಲ್ಲಿ ಸಂಜೆ ಹೊತ್ತು ಮಾತ್ರ, ಅದೂ ಅಪರೂಪಕ್ಕೆ ಬರುತ್ತದೆ. ಅತ್ತೆಯ ಬಾಯಲ್ಲಿ ಅದು ಅರಪಯ್ಯ ಆಯಿತು.

ತೊಟ್ಟಿಲಿಗೆ ಬಣ್ಣ ಬರೆಯುವ ಬಾಜೂ ಮನೆಯ ಅಕ್ಕ ಒಂದು ದಿನ ಹೆಪ್ಪಿಗೆ ಮೊಸರು ಕೇಳಲು ಬಂದಾಗ ಅತ್ತೆ ಹೇಳಿದರು, "ಅರಪಯ್ಯ ಇವತ್ತೂ ಬರ್ಲಿಲ್ಲ. ಎಲ್ಲಾರೂ ಬಂದ್ರು, ಅವನೊಬ್ಬನ ಜಾಗಾ ಖಾಲಿ ಐತಿ."

ಅಕ್ಕ ಏನೂ ಕೇಳದೆ ಹೋದಳು. ಮರುದಿನ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದು ನನ್ನ ಕೈಗಿಟ್ಟು ಮೆತ್ತಗೆ ಅಂದಳು, "ಬೀಗರು ಸಿಟ್ಟಾಗಿರಬೇಕ್ರಿ. ಬಂದ ಕೂಡ್ಲೆ ಮೊದಲ ಬಾಯಿ ಸಿಹಿ ಮಾಡ್ರಿ. ಅತ್ತಿಯವರು ಭಾಳ ಹಚ್ಚಿಕೊಂಡಾರ."

ಅರಪಯ್ಯ

ಒಂದು ಸಂಜೆ ಫೋನು ಅಡಿಗೆಮನೆಯಲ್ಲಿ ಚಾರ್ಜಿಗಿತ್ತು. "ಗಾಳ ಹಾಕೇನಿ, ಕಣ್ಣಿಡು" ಎಂದು ಅತ್ತೆ ಪಡಸಾಲೆಯ ಮಂಚದಿಂದಲೇ ಹೇಳಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದಾಗ ಫೋನಿನ ಹೊಳೆಯಲ್ಲಿ ಉದ್ದನೆಯ ನೆರಳು ಕಾಣಿಸಿತು. ನನ್ನ ಕೈತುಂಬ ಹಿಟ್ಟು.

"ಅತ್ತೀ, ದೊಡ್ಡದ ಬಂದೈತ್ರಿ" ಎಂದು ಕೂಗಿದೆ.

ಯಾರೋ ನನ್ನನ್ನು ಬಾಜೂಕ್ಕೆ ಸರಿಸಿದರು. ನೋಡಿದರೆ ಅತ್ತೆ. ಪಡಸಾಲೆ ದಾಟಿ, ವಾಕರ್ ಇಲ್ಲದೆ ಬರಿಗೈಲಿ ಬಂದುಬಿಟ್ಟಿದ್ದರು. ಹಲ್ಲು ಕಚ್ಚಿ ಬೆರಳಿನಿಂದ ಎಳೆದರು, ಸಡಿಲ ಬಿಟ್ಟರು, ಮತ್ತೆ ಎಳೆದರು. ಮೀನು ದಂಡೆಗೆ ಬಂತು.

"ಬಾರಪ್ಪಾ, ಎಷ್ಟ ಕಾಯಿಸಿದಿ" ಎಂದು ಸ್ಕ್ರೀನು ಸವರಿದರು.

ಮಾವ ಬಾಗಿಲಲ್ಲಿ ನಿಂತು ಹೆಂಡತಿಯ ಕಾಲನ್ನೇ ನೋಡುತ್ತಿದ್ದರು. ಕಣ್ಣು ತುಂಬಿದ್ದವು.

"ನೀ ನಡಕೊಂತ ಬಂದಿ" ಅಂದರು.

ಅತ್ತೆ ಕೆಳಗೆ ನೋಡಿಕೊಂಡರು. ಮುಖ ಸಣ್ಣದಾಯಿತು. ಒಂದು ಕೈಲಿ ಒಲೆಕಟ್ಟೆ ಗಟ್ಟಿಯಾಗಿ ಹಿಡಿದು, ಇನ್ನೊಂದನ್ನು ಮಾವನ ಕಡೆ ಚಾಚಿದರು.

"ಕೈ ಹಿಡೀರಿ. ಈಗ ಹೊಳ್ಳಿ ಹೆಂಗ ಹೋಗ್ಲಿ? ನನಗೆಲ್ಲಿ ನಡಿಯಾಕ ಬರ್ತೈತಿ?"