ಅಕ್ಕೋರಿಗೆ ಆರಾಮ ಇಲ್ಲ

ಡಿಸೆಂಬರ್ ತಿಂಗಳ ಎರಡನೆಯ ಬುಧವಾರ, ಸಂಜೆ ಐದೂವರೆ. ಹಾಜರಿದ್ದವರು: ನಾನು, ಗೋಡೆಗೆ ಒರಗಿಸಿದ ಕರಿಹಲಗೆ, ಬಾಗಿಲ ಬಳಿ ಮಲಗಿದ್ದ ಬೆಕ್ಕು. ಗೈರುಹಾಜರಾದವರು: ಹನ್ನೊಂದು ಹುಡುಗಿಯರು, ಅಂದರೆ ಇಡೀ ತರಗತಿ. ಬೆಕ್ಕಿನ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಬಹುದೇ ಎಂದು ಒಂದು ಕ್ಷಣ ಯೋಚಿಸಿದ್ದುಂಟು. ಆದರೆ ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಾನು ಹಾಜರಿ ಪುಸ್ತಕದಲ್ಲಿ ಒಮ್ಮೆಯೂ ಸುಳ್ಳು ಬರೆದವಳಲ್ಲ. ಬಾಯಲ್ಲಿ ಹೇಳಿರಬಹುದು, ಅದು ಬೇರೆ ವಿಷಯ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತು ವರ್ಷದ ಹುಡುಗಿಯಾಗಿದ್ದಾಗ ನನ್ನನ್ನು ಮೈಸೂರಿನ ಒಂದು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಏಳಲು ಗಂಟೆ, ಸ್ನಾನಕ್ಕೆ ಗಂಟೆ, ಉಣ್ಣಲು ಗಂಟೆ, ನಗುವುದಕ್ಕೂ ಭಾನುವಾರ ನಾಲ್ಕರಿಂದ ಐದು ಗಂಟೆ. ಹುಡುಗಿಯರು ಯಾರಾದರೂ ಎರಡು ನಿಮಿಷ ಸುಮ್ಮನೆ ಕೂತದ್ದು ವಾರ್ಡನ್ ಕಣ್ಣಿಗೆ ಬಿದ್ದರೆ, "ಏನಮ್ಮಾ, ಆರಾಮಾಗಿದ್ದೀಯಾ?" ಎಂದು ಮೆತ್ತಗೆ ಕೇಳುತ್ತಿದ್ದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ: "ಇಲ್ಲ ಮೇಡಂ" ಎಂದು ಕೈಗೆ ಸಿಕ್ಕ ಪೊರಕೆ ಹಿಡಿಯುವುದು. ಮುಂದೆ ನಾನೇ ಮುಖ್ಯೋಪಾಧ್ಯಾಯಿನಿಯಾದೆ, ಮದುವೆಯ ವಿಷಯ ವೇಳಾಪಟ್ಟಿಯಲ್ಲಿ ಎಲ್ಲೂ ಹಿಡಿಸಲಿಲ್ಲ, ನಿವೃತ್ತಳಾದೆ. ಆದರೂ ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಎಚ್ಚರ. ಯಾರಾದರೂ ಆರಾಮ ಎಂದರೆ ಇವತ್ತಿಗೂ ಕೈ ಪೊರಕೆಯನ್ನು ಹುಡುಕುತ್ತದೆ.

ಇಂಥವಳಿಗೆ ನಿವೃತ್ತಿಯ ನಂತರ ವಿದೇಶಕ್ಕೆ ಹೋಗಿ ಮಕ್ಕಳಿಗೆ ಉಚಿತವಾಗಿ ಪಾಠ ಹೇಳುವ ಹುಚ್ಚು ಹಿಡಿಯಿತು. ನಿವೃತ್ತ ಶಿಕ್ಷಕರ ಸಂಘವೊಂದು ಆಫ್ರಿಕಾದ ಕಡೆಗೆ ಜನರನ್ನು ಕಳಿಸುತ್ತದೆ ಎಂದು ಕೇಳಿ ಅರ್ಜಿ ಹಾಕಿದೆ. ಉತ್ತರ ಬರುವುದರೊಳಗೆ ಪಾಸ್‌ಪೋರ್ಟ್ ಮಾಡಿಸಿದೆ, ಅಗಲ ಅಂಚಿನ ಟೋಪಿ ಕೊಂಡೆ, ಆಫ್ರಿಕಾದ ನಕ್ಷೆಯನ್ನು ಅಡುಗೆಮನೆಯಲ್ಲಿ ತೂಗುಹಾಕಿದೆ. ಉತ್ತರ ಬಂತು. ತಮ್ಮ ವಯಸ್ಸಿನ ಕಾರಣ ವಿದೇಶ ಸಾಧ್ಯವಿಲ್ಲ. ಹೊಸದಾಗಿ ಆಗಿರುವ ಗದಗ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಸಂಜೆ ಇಂಗ್ಲಿಷು, ಲೆಕ್ಕ ಹೇಳಿಕೊಡಲು ಒಬ್ಬರು ಬೇಕಾಗಿದ್ದಾರೆ. ಭಾಷೆಯ ತೊಂದರೆ ಇರುವುದಿಲ್ಲ. ಕೊನೆಯ ಆ ವಾಕ್ಯವನ್ನು ನಾನು ನಂಬಿದೆ. ಟೋಪಿಯನ್ನು ಮಾತ್ರ ಜೊತೆಗೆ ತಂದೆ.

ಜಿಲ್ಲೆಯೂ ಹೊಸದು, ನಾನೂ ಹೊಸಬಳು. ಮೈಸೂರಿನ ಗೆಳತಿಯೊಬ್ಬಳು ಹಳೆಯ ಅಭ್ಯಾಸದಂತೆ ಧಾರವಾಡ ಜಿಲ್ಲೆ ಎಂದು ವಿಳಾಸ ಬರೆದ ಕಾಗದ ಎಲ್ಲೆಲ್ಲೋ ಸುತ್ತಿ, ಶಿರಹಟ್ಟಿಗೂ ಹೋಗಿ, ಕೊನೆಗೆ ನನ್ನ ಕೈ ಸೇರಿತು. ಬಂದದ್ದು ಆ ಒಂದೇ ಕಾಗದ. ಅದನ್ನು ಎಷ್ಟು ಸಲ ಓದಿದೆನೆಂದರೆ ಅದರಲ್ಲಿದ್ದ ನಾಲ್ಕು ಕಾಗುಣಿತದ ತಪ್ಪುಗಳು ನನಗೆ ಬಾಯಿಪಾಠವಾಗಿದ್ದವು. ಮೊದಮೊದಲು ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿದೆ. ಆಮೇಲೆ ತಿದ್ದಲು ಉಳಿದದ್ದೇನೂ ಇಲ್ಲವೆಂದು ಬೇಸರವಾಯಿತು.

ಉಳಿದುಕೊಂಡದ್ದು ಮಾಬೂಬಿಯ ಮನೆಯ ಮುಂದಿನ ಕೋಣೆಯಲ್ಲಿ. ಹಗಲಿಗೆ ನನ್ನ ಮನೆ, ಸಂಜೆ ಶಾಲೆ. ಮಾಬೂಬಿ ಕೌದಿ ಹೊಲಿಯುವವಳು; ಊರಿನವರ ಹಳೆಯ ಸೀರೆಗಳನ್ನೆಲ್ಲ ಪದರಪದರವಾಗಿ ಹಾಸಿ, ಹೊರಗಿನ ಕಟ್ಟೆಯ ಮೇಲೆ ಕೂತು ದಿನವಿಡೀ ದಾರ ಎಳೆಯುತ್ತಾಳೆ. ಬಾಯಲ್ಲೂ ಸೂಜಿ ಇರುತ್ತದೆ, ಮಾತಿನಲ್ಲೂ ಇರುತ್ತದೆ. ಮೊದಲ ದಿನವೇ ನನ್ನ ಟೋಪಿಯನ್ನು ನೋಡಿ, "ಇದನ್ನ ತಲಿಮ್ಯಾಗ ಇಟಗೋತೀರೋ, ಇದರಾಗ ಕಾಯಿಪಲ್ಲೆ ತರತೀರೋ?" ಎಂದು ಕೇಳಿದಳು. ಮರುವಾರ ಅದರಲ್ಲಿ ಬದನೆಕಾಯಿ ತಂದೆ.

ಊರಿನವರು ನನ್ನನ್ನು ಅಕ್ಕೋರ ಎಂದು ಕರೆದರು. ಪಾಠ ಹೇಳುವ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರಂತೆ. ಅದುವರೆಗೆ ಮೇಡಂ ಎನ್ನಿಸಿಕೊಂಡಿದ್ದ ನನಗೆ, ಒಡಹುಟ್ಟಿದವರಿಲ್ಲದ ನನಗೆ, ಒಂದೇ ದಿನದಲ್ಲಿ ಇಡೀ ಊರಿನ ತಂಗಿಯರು, ತಮ್ಮಂದಿರು ಹುಟ್ಟಿಕೊಂಡರು. ಸಂತೋಷವೇ ಆಯಿತು. ಆದರೆ ಈ ತಮ್ಮ ತಂಗಿಯರಿಗೆ ಒಂದು ಕೆಟ್ಟ ಚಾಳಿ ಇತ್ತು. ಕಂಡಕಂಡಲ್ಲಿ, "ಆರಾಮ ಅದೀರೇನ್ರಿ ಅಕ್ಕೋರ?" ಎನ್ನುತ್ತಿದ್ದರು. ಹೊಲಕ್ಕೆ ಹೋಗುವವರು, ಬಸ್ಸಿಳಿದು ಬರುವವರು, ಹಾಲು ಹಾಕುವವಳು, ಎಲ್ಲರೂ ನನ್ನ ಹಳೆಯ ವಾರ್ಡನ್ನುಗಳೇ! ನಾನು ಕೂತು ಕಾಲಹರಣ ಮಾಡುವವಳು ಎಂದುಕೊಂಡಿದ್ದಾರೆಯೇ? ಪ್ರತಿಯೊಬ್ಬರಿಗೂ ಬೆನ್ನು ನೆಟ್ಟಗೆ ಮಾಡಿ, ಸ್ಪಷ್ಟವಾಗಿ, "ಆರಾಮ ಎಲ್ಲಿ ಬಂತು? ನನಗೆ ಸ್ವಲ್ಪವೂ ಆರಾಮ ಇಲ್ಲ" ಎಂದು ಹೇಳಿದೆ. ಅವರ ಮುಖ ಸಪ್ಪಗಾಗುತ್ತಿತ್ತು. ಸರಿಯಾಗಿ ತಾಗಿದೆ ಎಂದುಕೊಂಡೆ.

ಪಾಠ ಮೊದಲು ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ದಿನ ಸಾವಿತ್ರಿ ಎಂಬ ಹುಡುಗಿ ಚಳಿಯಿಂದ ನಡುಗುತ್ತಿದ್ದಳು, ಮೈ ಸುಡುತ್ತಿತ್ತು. ಅವಳನ್ನು ಮನೆಗೆ ಕಳಿಸಿ, "ನಿನ್ನ ಅಮ್ಮನಿಗೆ ಹೇಳು, ಹುಡುಗಿ ಹುಷಾರಿಲ್ಲ, ಕೆಲವು ದಿನ ಮನೆಯಲ್ಲೇ ಇಟ್ಟುಕೊಳ್ಳಿ ಅಂತ" ಎಂದೆ. ಅವಳು ಮತ್ತೆ ಬರಲಿಲ್ಲ. ಅವಳ ತಾಯಿ ನೀಲವ್ವ ದಾರಿಯಲ್ಲಿ ಸಿಕ್ಕರೆ ಸೆರಗನ್ನು ಆಚೆ ಎಳೆದುಕೊಂಡು ಹೋಗುತ್ತಿದ್ದಳು. ಆಮೇಲೆ ಉಳಿದ ಹತ್ತು ಎಂಟಾಯಿತು, ಎಂಟು ಐದಾಯಿತು, ಐದು ಎರಡಾಯಿತು. ಬರುತ್ತಿದ್ದ ಹುಡುಗಿಯರು ಪಿಸುಮಾತಿನಲ್ಲಿ ಓದುತ್ತಿದ್ದರು. ನನ್ನ ಕೋಣೆಯ ಮುಂದೆ ಹಾಯುವವರು ಚಪ್ಪಲಿ ಸದ್ದಾಗದಂತೆ ಹೆಜ್ಜೆ ಹಾಕತೊಡಗಿದರು. ಬೆಳಿಗ್ಗೆ ಬಾಗಿಲು ತೆರೆದರೆ ತಟ್ಟೆ ಮುಚ್ಚಿದ ಬೋಗಾಣಿ. ಒಳಗೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಮಜ್ಜಿಗೆ. ಇದು ನಯವಾಗಿ ಬೀಳ್ಕೊಡುವ ಪದ್ಧತಿ ಇರಬೇಕು ಎಂದುಕೊಂಡೆ. ನುಚ್ಚು ತಿಂದೆ, ಬೋಗಾಣಿ ಬೆಳಗಿದೆ, ಯಾರದೆಂದು ಮಾಬೂಬಿಯಿಂದ ತಿಳಿದು ಚೀಟಿ ಅಂಟಿಸಿ, ಅವರೇ ಬಂದು ಒಯ್ಯಲಿ ಎಂದು ಕಿಟಕಿಯ ಬಳಿ ಸಾಲಾಗಿ ಇಟ್ಟೆ. ಏಳು ಬೋಗಾಣಿಗಳಾದವು. ಒಯ್ಯಲು ಯಾರೂ ಬರಲಿಲ್ಲ. ಮಾಬೂಬಿಯಂತೂ ಎರಡು ಸಲ, "ಲಕ್ಷ್ಮೇಶ್ವರದ ದವಾಖಾನಿಗೆ ಹೋಗೂಣು ಬರ್ರಿ" ಎಂದಳು. ಪಾಪ, ಅವಳಿಗೆ ಏನೋ ಕಾಯಿಲೆ, ಜೊತೆಗೆ ಒಬ್ಬರು ಬೇಕಾಗಿದೆ ಎಂದುಕೊಂಡೆ. ವೇಳಾಪಟ್ಟಿಯಲ್ಲಿ ಜಾಗವಿಲ್ಲದ್ದರಿಂದ ಹೋಗಲಿಲ್ಲ.

ಸಂಘದ ನಿಯಮ ಸರಳವಾಗಿತ್ತು. ಐದು ಮಕ್ಕಳಾದರೂ ಇರಬೇಕು; ಇಲ್ಲದಿದ್ದರೆ ವರದಿ ಬರೆದು ಕಳಿಸಬೇಕು, ಅವರು ನನ್ನನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಾರೆ. ಹಿಂದಕ್ಕೆ ಎಂದರೆ ಎಲ್ಲಿಗೆ ಎಂದು ಅವರು ಕೇಳುವುದಿಲ್ಲ. ಮೈಸೂರಿನಲ್ಲಿ ನನಗಾಗಿ ಕಾಯುತ್ತಿದ್ದದ್ದು ಗೇಟಿಗೆ ಕಟ್ಟಿದ್ದ ಹಾಲಿನ ಚೀಲ ಮತ್ತು ಅಡುಗೆಮನೆಯ ಆಫ್ರಿಕಾ. ಆ ಬುಧವಾರ ಮಧ್ಯಾಹ್ನ ವರದಿ ಬರೆದು ಮುಗಿಸಿದೆ. 'ಈ ಊರಿನವರಿಗೆ ನನ್ನ ಅಗತ್ಯ ಕಂಡುಬರುವುದಿಲ್ಲ' ಎಂಬ ವಾಕ್ಯವನ್ನು ಮೂರು ಸಲ ಬೇರೆಬೇರೆಯಾಗಿ ಬರೆದು ನೋಡಿದೆ. ಹೇಗೆ ಬರೆದರೂ ಅರ್ಥ ಒಂದೇ ಇತ್ತು.

ಸಂಜೆ ಐದೂವರೆಗೆ ಚಾಪೆ ಹಾಸಿದೆ. ಯಾರೂ ಬರಲಿಲ್ಲ. ಆದರೂ ಐದೂವರೆಗೆ ಹಾಜರಿ ಕರೆಯಬೇಕು ಎಂದರೆ ಕರೆಯಬೇಕು. ಪುಸ್ತಕ ತೆರೆದು ಗಟ್ಟಿಯಾಗಿ, "ಅನಸೂಯಾ!" ಎಂದೆ. "ಇಲ್ಲ" ಎಂದು ನಾನೇ ಹೇಳಿದೆ. "ಬೀಬಿಜಾನ್! ಇಲ್ಲ." ದಿನವಿಡೀ ಯಾರೊಂದಿಗೂ ಮಾತಾಡಿರಲಿಲ್ಲವಾಗಿ ಸ್ವಂತ ಧ್ವನಿ ಕೇಳುವುದೇ ಹಿತವಾಗಿತ್ತು. ಆರನೆಯ ಹೆಸರಿಗೆ ಬರುವಷ್ಟರಲ್ಲಿ ಹೊರಗೆ ಕಟ್ಟೆಯಿಂದ ಯಾರೋ ಧುಮುಕಿದ ಸದ್ದು.

"ಯಾ ಅಲ್ಲಾ! ನೀಲವ್ವ, ಬಾ ಇಲ್ಲೆ! ಅಕ್ಕೋರಿಗೆ ಜ್ವರ ತಲಿಗೇರೇತಿ, ತಾವೊಬ್ಬರ ಮಾತಾಡಾಕತ್ತಾರ!"

ಮಾಬೂಬಿ ದಾರ ಪೋಣಿಸಿದ ಸೂಜಿಯೊಂದಿಗೇ ಒಳಗೆ ನುಗ್ಗಿದಳು. ಕೌದಿಗೆ ಹಳೆಯ ಸೀರೆ ಕೊಡಲು ಬಂದಿದ್ದ ನೀಲವ್ವ ಅವಳ ಹಿಂದೆ ಬಂದು ಹೊಸ್ತಿಲಲ್ಲೇ ನಿಂತಳು. ನಾನು ಎದ್ದರೆ ಮಾಬೂಬಿ ಭುಜ ಹಿಡಿದು ಕೂರಿಸಿ, ಹಣೆಯ ಮೇಲೆ ಅಂಗೈ ಇಟ್ಟಳು. ನನ್ನ ಹಣೆಯನ್ನು ಕೊನೆಯ ಸಲ ಯಾರು ಮುಟ್ಟಿದ್ದರೋ ನೆನಪಾಗಲಿಲ್ಲ. ಆ ಕಾರಣಕ್ಕೆ ಬೈಯುವುದು ಸ್ವಲ್ಪ ತಡವಾಯಿತು.

"ಮೈ ತಣ್ಣಗ ಐತಲ್ಲ!" ಎಂದಳು.

"ಇರದೆ ಏನು? ನನಗೇನಾಗಿದೆ?"

"ಅದನ್ನ ನಾವು ನಿಮಗ ಕೇಳಬೇಕ್ರಿ! ಬಂದಾಗಿಂದ ಆರಾಮ ಇಲ್ಲ, ಆರಾಮ ಇಲ್ಲ ಅಂತ ಊರಿಗೆಲ್ಲಾ ಹೇಳೀರಿ. ದವಾಖಾನಿಗೆ ಕರದ್ರ ಬರೂದಿಲ್ಲ. ಜಡ್ಡಿನಾಗ ಹುಡುಗ್ಯಾರ ಕೂಡ ಒದರಿ ಒದರಿ ಏನರ ಆದೀತು ಅಂತ ಎಲ್ಲಾರೂ ಮಕ್ಕಳನ್ನ ಬಿಡಿಸಿದ್ರು."

"ಆರಾಮ ಇಲ್ಲ ಅಂದರೆ ಕೆಲಸ ಇದೆ, ಬಿಡುವಿಲ್ಲ ಅಂತ ಕಣಮ್ಮಾ!"

"ಬಿಡುವಿಲ್ಲ ಅಂದ್ರ ಬಿಡುವಿಲ್ಲ ಅನಬೇಕ್ರಿ. ಆರಾಮ ಇಲ್ಲ ಅಂದ್ರ ಜಡ್ಡು ಬಂದೈತಿ ಅಂತ."

ನೀಲವ್ವನಿಗೆ ಈಗ ಬಾಯಿ ಬಂತು. "ನಾ ಏನ್ ಅದಕ್ಕ ಬಿಡಿಸಿಲ್ಲ ತಗೋ ಮಾಬೂಬಿ. ಜ್ವರ ಬಂದ ನನ್ನ ಮಗಳನ್ನ ಮನಿಗೆ ಕಳಿಸಿ, ಮ್ಯಾಲ ಆಕಿ ಹುಷಾರಿಲ್ಲ ಅಂದ್ರು ಇವರು! ನಾಕ ದಿನದಾಗ ಹೆಂಗ ಗೊತ್ತಾತ್ರಿ ಅಕ್ಕೋರ? ಶಾಲ್ಯಾಗ ಆಕೀದು ಮೊದಲನೇ ನಂಬರ್ ಐತಿ!"

"ಅಯ್ಯೋ, ಜ್ವರ ಬಂದಿತ್ತಲ್ಲ! ನಮ್ಮ ಕಡೆ ಅದಕ್ಕೇ ಹುಷಾರಿಲ್ಲ ಅನ್ನುವುದು!"

ಮಾಬೂಬಿ ನೆಲಕ್ಕೆ ಕೂತು, ಕೌದಿಯ ಪದರ ಜೋಡಿಸುವವಳಂತೆ ನಿಧಾನವಾಗಿ ವಿಚಾರಣೆಗೆ ತೊಡಗಿದಳು. "ಹಂಗಾರ, ಆರಾಮ ಇಲ್ಲದವರಿಗೆ ನಿಮ್ಮ ಊರಾಗ ಹುಷಾರಿಲ್ಲ ಅಂತಾರ."

"ಹೌದು."

"ಹುಷಾರ ಇಲ್ಲದವರಿಗೆ?"

"ದಡ್ಡರು ಅಂತೀವಿ."

"ಆತು ತಗೋರಿ. ಇಲ್ಲೆ ದಡ್ಡರು ಯಾರು ಅಂತ ಗೊತ್ತಾತು."

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ನಗು ತಡೆಯಲು ಸಾಲಲಿಲ್ಲ. ನಾನೂ ನಕ್ಕೆ. ಅಂದು ಭಾನುವಾರ ಅಲ್ಲದಿದ್ದರೂ ನಕ್ಕೆ. ನಗು ನಿಂತ ಮೇಲೆ ಮಾಬೂಬಿ, "ಈಗ ಖರೆ ಹೇಳ್ರಿ. ಆರಾಮ ಅದೀರೇನು?" ಎಂದಳು. ಪೊರಕೆ ನೆನಪಾಗಲಿಲ್ಲ. ಎದುರಿಗೆ ಖಾಲಿ ಚಾಪೆ ಇತ್ತು, ಮೇಜಿನ ಮೇಲೆ ವರದಿ ಇತ್ತು. "ಇಲ್ಲ. ಒಬ್ಬಳೇ ಇದ್ದು ಇದ್ದು ಸ್ವಲ್ಪ ಆರಾಮ ಇಲ್ಲ" ಎಂದೆ. ಈ ಊರಿಗೆ ಬಂದ ಮೇಲೆ ತಪ್ಪಿಲ್ಲದೆ ಆಡಿದ ಮೊದಲ ಮಾತು ಅದು.

"ಆ ಜಡ್ಡಿಗೆ ಲಕ್ಷ್ಮೇಶ್ವರದಾಗ ಔಷಧ ಇಲ್ರಿ" ಎಂದು ಮಾಬೂಬಿ ಎದ್ದು ಕಿಟಕಿಯ ಕಡೆ ನೋಡಿದಳು. "ಇವನ್ಯಾಕ ಚೀಟಿ ಹಚ್ಚಿ ಇಟ್ಟೀರಿ? ಬೋಗಾಣಿ ನಾವ ಹೋಗಿ ಕೊಡಬೇಕು, ಕೊಟ್ಟ ಮ್ಯಾಲ ಒಂದಿಷ್ಟು ಕುಂಡ್ರಬೇಕು. ಅವರ ಬಂದು ಒಯ್ಯಾಕ ಇದೇನು ಪೋಸ್ಟ್ ಆಫೀಸೇನ್ರಿ? ಖಾಲಿ ಒಯ್ಯಬ್ಯಾಡ್ರಿ ಮತ್ತ, ಸಕ್ರಿ ಹಾಕ್ರಿ."

ಏಳು ಬೋಗಾಣಿಗಳಿಗೆ ಒಂದೊಂದು ಚಮಚ ಸಕ್ಕರೆ ಹಾಕಿ ಹೊರಟೆ. ನಾಲ್ಕನ್ನು ನಾನು ಹಿಡಿದೆ, ಮೂರನ್ನು ನೀಲವ್ವ ಹಿಡಿದಳು. ಪ್ರತಿ ಮನೆಯಲ್ಲೂ "ಬರ್ರಿ, ಕುಂಡ್ರಿ, ಆರಾಮ ಅದೀರೇನ್ರಿ ಈಗ?" ಪ್ರತಿ ಮನೆಯಲ್ಲೂ ಬೆನ್ನು ನೆಟ್ಟಗೆ ಮಾಡಿ, "ಆರಾಮ ಅದೀನ್ರಿ" ಎಂದೆ. ನನ್ನ ಮೈಸೂರು ನಾಲಿಗೆಗೆ ಅದು ಮೂರನೆಯ ಮನೆಯಲ್ಲಿ ಹಿಡಿತಕ್ಕೆ ಬಂತು. ಪ್ರತಿ ಮನೆಯಲ್ಲೂ ಚಹಾ. ಬೇಡ ಎಂದರೆ ಮತ್ತೆ ಆರಾಮ ಇಲ್ಲವೆಂಬ ಸುದ್ದಿ ಹಬ್ಬೀತೆಂದು ಎಲ್ಲ ಕಡೆಯೂ ಕುಡಿದೆ. ಸಾವಿತ್ರಿ ಎರಡನೆಯ ಮನೆಯಿಂದ ಹಿಂಬಾಲಿಸಿದಳು, ಉಳಿದವರು ಒಬ್ಬೊಬ್ಬರಾಗಿ ಸೇರಿದರು. ಏಳನೆಯ ಮನೆಯ ಕಟ್ಟೆಯ ಮೇಲೆ ಕೂತು ಎಣಿಸಿದರೆ ಹನ್ನೊಂದು. ಅಲ್ಲೇ ಬಾಯಲ್ಲಿ ಹಾಜರಿ ಕರೆದೆ, ಎಂಟರ ಮಗ್ಗಿ ಹೇಳಿಸಿದೆ, ನಾಳೆ ಐದೂವರೆ ಎಂದರೆ ಐದೂವರೆ ಎಂದು ಎಚ್ಚರಿಸಿದೆ. ಅವರು ಪಿಸುಗುಟ್ಟಲಿಲ್ಲ, ಕಿರುಚಿದರು.

ಮನೆಗೆ ಬಂದು ವರದಿಯನ್ನು ಮಡಚಿ, ಅಲುಗಾಡುತ್ತಿದ್ದ ಕರಿಹಲಗೆಯ ಒಂದು ಮೂಲೆಯ ಕೆಳಗೆ ಒತ್ತುಕೊಟ್ಟೆ. ಹಾಜರಿ ಪುಸ್ತಕ ತೆರೆದು 'ಹನ್ನೊಂದು, ತಡವಾಗಿ' ಎಂದು ಬರೆದು ಸಹಿ ಹಾಕಿದೆ. ಹೊಟ್ಟೆಯಲ್ಲಿ ಏಳು ಮನೆಯ ಚಹಾ ಕುದಿಯುತ್ತಿತ್ತು, ತಲೆ ಸುತ್ತುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಮಾಬೂಬಿ ಕೂಗಿ ಕೇಳಿದಳು: "ಆರಾಮ ಅದೀರೇನ್ರಿ ಅಕ್ಕೋರ?"

ಇಲ್ಲಿಯ ಕನ್ನಡದಲ್ಲಿ ಆರಾಮ ಇರಲಿಲ್ಲ, ಮೈಸೂರಿನ ಕನ್ನಡದಲ್ಲಿ ಹುಷಾರಿರಲಿಲ್ಲ. ಹಾಜರಿ ಪುಸ್ತಕವನ್ನು ಮೊದಲು ಮುಚ್ಚಿ, ಆಮೇಲೆ, "ಆರಾಮ ಅದೀನ್ರಿ" ಎಂದು ಕೂಗಿ ಹೇಳಿದೆ.